ಹ್ಯಾಸ್ಕೆಲ್‌ನೊಳಗಿಂದ ಶೆಲ್ ಕಮಾಂಡುಗಳು: ಟೈಪ್ಡ್-ಪ್ರೊಸೆಸ್ ಲೈಬ್ರರಿಯ ವಿಮರ್ಶೆ

ಶೆಲ್ ಸ್ಕ್ರಿಪ್ಟ್, ಅಂದರೆ ಟರ್ಮಿನಲ್ ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲು, ಹತ್ತಿಪ್ಪತ್ತು ಸಾಲುಗಳೊಳಗೆ ಇರುವವರೆಗೆ ಅದಕ್ಕೆ ಸಾಟಿಯಾದ ಸಾಧನ ಇನ್ನೊಂದಿಲ್ಲ. ತೊಂದರೆ ಶುರುವಾಗುವುದು ಸ್ಕ್ರಿಪ್ಟ್ ಬೆಳೆದಾಗ. ನಡುವಿನ ಒಂದು ಕಮಾಂಡ್ ಸೋತರೂ ಮುಂದಿನ ಸಾಲು ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಹೆಸರಿನಲ್ಲಿ ಖಾಲಿ ಜಾಗವಿರುವ ಫೈಲು, ಉದ್ಧರಣ ಚಿಹ್ನೆ ಬಿಟ್ಟುಹೋದ ಒಂದೇ ಒಂದು ಕಡೆಯಲ್ಲಿ ಎರಡು ಫೈಲುಗಳಾಗಿ ಒಡೆಯುತ್ತದೆ. ವೇರಿಯಬಲ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಶೆಲ್ ಅದನ್ನು ಖಾಲಿ ಪಠ್ಯವೆಂದು ಭಾವಿಸಿ ಸುಮ್ಮನಿರುತ್ತದೆ. ದಿನವೂ ಫಂಕ್ಷನಲ್ ಭಾಷೆಯಲ್ಲಿ ಕೆಲಸ ಮಾಡುವವರಿಗೆ, ಕಂಪೈಲರ್ ಹಿಡಿಯಬಹುದಾದ ಇಂಥ ತಪ್ಪುಗಳನ್ನು ಕಣ್ಣಿನಿಂದ ಹುಡುಕುವುದು ಸಹಜವಾಗಿಯೇ ಬೇಸರ ತರಿಸುತ್ತದೆ. ಶೆಲ್ ಮಾಡುವ ಕೆಲಸವನ್ನು ತಮ್ಮ ಭಾಷೆಯೊಳಗೇ ಮಾಡಬೇಕೆಂಬ ಆಸೆಯೂ ಹೊಸದಲ್ಲ. ಓಲಿನ್ ಶಿವರ್ಸ್ 1994ರಲ್ಲಿ ವಿವರಿಸಿದ ಸ್ಕೀಮ್ ಶೆಲ್‌ನಲ್ಲಿ ಒಂದು ಕಮಾಂಡಿನ ಔಟ್‌ಪುಟ್ಟನ್ನು ಇನ್ನೊಂದರ ಇನ್‌ಪುಟ್ ಆಗಿಸುವ ಪೈಪ್ ಗುರುತೇ ಸ್ಕೀಮ್ ಭಾಷೆಯ ವ್ಯಾಕರಣದ ಭಾಗವಾಗಿ, ಆವರಣಗಳ ಒಳಗೆ ಕುಳಿತಿತ್ತು. ಇಲ್ಲಿ ನಾನು ವಿಮರ್ಶಿಸುತ್ತಿರುವ, ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಭಾಷೆಯ ಟೈಪ್ಡ್-ಪ್ರೊಸೆಸ್ ಲೈಬ್ರರಿ ಅಷ್ಟು ದೊಡ್ಡ ಕನಸಿನದ್ದಲ್ಲ. ಒಂದು ಪ್ರೊಸೆಸ್ಸನ್ನು, ಅಂದರೆ ಓಡುವ ಪ್ರೋಗ್ರಾಂ ಒಂದನ್ನು, ಸರಿಯಾಗಿ ಹುಟ್ಟಿಸಿ, ಅದರೊಡನೆ ಸರಿಯಾಗಿ ಮಾತನಾಡಿ, ಸರಿಯಾಗಿ ಮುಗಿಸುವುದಷ್ಟೇ ಅದರ ಗುರಿ, ಮತ್ತು ಆ ಗುರಿಯನ್ನು ಅದು ಬಹುಮಟ್ಟಿಗೆ ಮುಟ್ಟಿದೆ. ಆದರೆ ಒಂದು ಪ್ರೊಸೆಸ್ಸಿನಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ, ಅಂದರೆ ಪೈಪ್‌ಲೈನ್‌ನಲ್ಲಿ, ಅದು ಬಳಕೆದಾರನ ಕೈಬಿಡುತ್ತದೆ.

ಲೈಬ್ರರಿಯನ್ನು ಬರೆದವರು ಎಫ್‌ಪಿ ಕಂಪ್ಲೀಟ್ ಸಂಸ್ಥೆಯಲ್ಲಿದ್ದ ಮೈಕೆಲ್ ಸ್ನೋಯ್‌ಮನ್. ಎಂಐಟಿ ಪರವಾನಗಿಯ ಈ ಲೈಬ್ರರಿ ಹ್ಯಾಸ್ಕೆಲ್ ಲೈಬ್ರರಿಗಳ ಸಂಗ್ರಹಗಳಾದ ಹ್ಯಾಕೇಜ್‌ನಲ್ಲಿಯೂ ಸ್ಟ್ಯಾಕೇಜ್‌ನಲ್ಲಿಯೂ ಸಿಗುತ್ತದೆ. ರಿಯೊ ಎಂಬ ದೊಡ್ಡ ಲೈಬ್ರರಿಯ ಪ್ರೊಸೆಸ್ ಭಾಗ ಇದರ ಮೇಲೆಯೇ ನಿಂತಿರುವುದರಿಂದ, ಹೆಸರು ಕೇಳದೆಯೂ ಇದನ್ನು ಬಳಸುತ್ತಿರುವವರು ಇದ್ದಾರೆ. ಇದು ಸ್ವತಃ ನೆಲಮಟ್ಟದ ಕೆಲಸ ಮಾಡುವುದಿಲ್ಲ. ಜಿಎಚ್‌ಸಿ ಕಂಪೈಲರ್ ಜೊತೆಗೇ ಬರುವ ಪ್ರೊಸೆಸ್ ಎಂಬ ಹಳೆಯ ಲೈಬ್ರರಿಗೆ ತೊಡಿಸಿದ ಹೊಸ ಹೊದಿಕೆ ಇದು. ಹಾಗಾಗಿ ಹಳೆಯದರಲ್ಲಿ ಏನು ಕೊರತೆ ಇತ್ತೆಂಬುದನ್ನು ನೋಡದೆ ಹೊಸದನ್ನು ಅಳೆಯಲಾಗದು.

ಹಳೆಯ ಲೈಬ್ರರಿಯಲ್ಲಿ ಕ್ರಿಯೇಟ್‌ಪ್ರೊಸೆಸ್ ಎಂಬ ಫಂಕ್ಷನ್ನು ನಾಲ್ಕು ವಸ್ತುಗಳ ಒಂದು ಟ್ಯೂಪಲ್ ಹಿಂತಿರುಗಿಸುತ್ತದೆ: ಇನ್‌ಪುಟ್, ಔಟ್‌ಪುಟ್ ಮತ್ತು ಎರರ್‌ಗಳ ಹ್ಯಾಂಡಲುಗಳು, ಅಂದರೆ ಓದಲು ಬರೆಯಲು ಬೇಕಾದ ಹಿಡಿಕೆಗಳು, ಮೊದಲ ಮೂರು, ಪ್ರೊಸೆಸ್ಸಿನ ಹ್ಯಾಂಡಲ್ ನಾಲ್ಕನೆಯದು. ಮೊದಲ ಮೂರೂ ಇರಬಹುದು, ಇಲ್ಲದಿರಬಹುದು. ಔಟ್‌ಪುಟ್‌ಗೆ ಪೈಪ್ ಬೇಕೆಂದು ಕೇಳಿದ್ದೇವೆಯೆಂಬುದು ನಮಗೆ ಗೊತ್ತಿದ್ದರೂ ಕಂಪೈಲರಿಗೆ ಗೊತ್ತಿಲ್ಲ. ಆದ್ದರಿಂದ ಪ್ರತಿ ಸಲವೂ ‘ಇದೆ’ ಎಂಬ ಸಂದರ್ಭವನ್ನು ಬಿಡಿಸಿಕೊಂಡು, ‘ಇಲ್ಲ’ ಎಂಬ ಸಂದರ್ಭವನ್ನು ಎಂದೂ ಆಗದೆಂಬ ಧೈರ್ಯದಿಂದ ಬಿಟ್ಟುಬಿಡುತ್ತೇವೆ. ನಾಳೆ ಇನ್ನೊಬ್ಬರು ಮೇಲಿನ ಒಂದು ಸೆಟ್ಟಿಂಗ್ ಬದಲಿಸಿದರೆ ಈ ಧೈರ್ಯ ಓಟದ ನಡುವೆ ಕುಸಿಯುತ್ತದೆ. ಟೈಪ್ಡ್-ಪ್ರೊಸೆಸ್ ಇದನ್ನು ಸರಿಪಡಿಸುವ ಬಗೆ ಸರಳ. ಪ್ರೊಸೆಸ್ ಕಾನ್ಫಿಗ್ ಎಂಬ ಟೈಪಿಗೆ ಮೂರು ಪ್ಯಾರಾಮೀಟರುಗಳಿವೆ, ಮೂರು ಸ್ಟ್ರೀಮುಗಳಿಗೆ ಒಂದೊಂದು. ಔಟ್‌ಪುಟ್‌ಗೆ ಪೈಪ್ ಹೊಂದಿಸಿದರೆ ಆ ಜಾಗದ ಟೈಪ್ ಹ್ಯಾಂಡಲ್ ಆಗುತ್ತದೆ, ಏನನ್ನೂ ಹೊಂದಿಸದಿದ್ದರೆ ಅದು ಖಾಲಿ ಟ್ಯೂಪಲ್ ಆಗಿಯೇ ಉಳಿಯುತ್ತದೆ. ಪೈಪ್ ಇಲ್ಲದ ಕಡೆ ಓದಲು ಹೋದರೆ ಪ್ರೋಗ್ರಾಂ ಕಂಪೈಲ್ ಆಗುವುದೇ ಇಲ್ಲ. ಹೆಸರಿನಲ್ಲಿರುವ ‘ಟೈಪ್ಡ್’ ಎಂಬ ಭಾಗಕ್ಕೆ ಇಷ್ಟೇ ಅರ್ಥ, ಆದರೆ ಈ ಇಷ್ಟರಿಂದ ಉಳಿಯುವ ಶ್ರಮ ಕಡಿಮೆಯದಲ್ಲ.

ದಿನನಿತ್ಯದ ಬಳಕೆಗೆ ಬೇಕಾದ ಫಂಕ್ಷನ್ನುಗಳ ಹೆಸರುಗಳಲ್ಲಿ ಒಂದು ಶಿಸ್ತಿದೆ. ರನ್‌ಪ್ರೊಸೆಸ್ ಓಡಿಸಿ ಎಕ್ಸಿಟ್ ಕೋಡ್ (ಗೆದ್ದರೆ ಸೊನ್ನೆ, ಸೋತರೆ ಬೇರೆ ಸಂಖ್ಯೆ) ಕೊಡುತ್ತದೆ, ರೀಡ್‌ಪ್ರೊಸೆಸ್ ಅದರೊಡನೆ ಔಟ್‌ಪುಟ್ ಮತ್ತು ಎರರ್ ಎರಡನ್ನೂ ಕೊಡುತ್ತದೆ. ಅದೇ ಹೆಸರಿನ ಕೊನೆಗೆ ಅಡಿಗೆರೆ ಸೇರಿಸಿದರೆ ಎಕ್ಸಿಟ್ ಕೋಡ್ ಕೈಗೆ ಬರುವುದಿಲ್ಲ, ಬದಲಿಗೆ ಕಮಾಂಡ್ ಸೋತ ಕ್ಷಣ ಪ್ರೋಗ್ರಾಂ ಓಟವನ್ನು ತಡೆಯುವ ಎಕ್ಸೆಪ್ಶನ್ ಏಳುತ್ತದೆ. ಶೆಲ್‌ನಲ್ಲಿ ಸೋಲನ್ನು ಗಮನಿಸಬೇಕೆಂದರೆ ನಾವು ಕೇಳಬೇಕು. ಇಲ್ಲಿ ಸೋಲನ್ನು ಕಡೆಗಣಿಸಬೇಕೆಂದರೆ ಅಡಿಗೆರೆಯಿಲ್ಲದ ರೂಪವನ್ನು ಆರಿಸಿ ಅದನ್ನು ಬರಹದಲ್ಲಿ ತೋರಿಸಬೇಕು. ಏಳುವ ಎಕ್ಸೆಪ್ಶನ್‌ನಲ್ಲಿ ಓಡಿದ ಕಮಾಂಡ್ ಯಾವುದು, ಕೋಡ್ ಎಷ್ಟು ಎಂಬುದಲ್ಲದೆ, ಹಿಡಿದಿಟ್ಟ ಔಟ್‌ಪುಟ್ ಮತ್ತು ಎರರ್ ಪಠ್ಯವೂ ಇರುತ್ತದೆ. ಬೆಳಗಿನ ಜಾವ ತಾನಾಗಿ ಓಡಿದ ಕೆಲಸವೊಂದರ ಲಾಗ್ ಓದಬೇಕಾದವರಿಗೆ ಇದರ ಬೆಲೆ ಗೊತ್ತು.

ಈ ರೀಡ್‌ಪ್ರೊಸೆಸ್ ಮೌನವಾಗಿ ಮಾಡುವ ಇನ್ನೊಂದು ಉಪಕಾರವಿದೆ. ಲಿನಕ್ಸ್‌ನಲ್ಲಿ ಪೈಪ್‌ನ ಸಾಮಾನ್ಯ ಧಾರಣಶಕ್ತಿ 65,536 ಬೈಟ್. ನಾವು ಹುಟ್ಟಿಸಿದ ಚೈಲ್ಡ್ ಪ್ರೊಸೆಸ್ ಅದಕ್ಕಿಂತ ಹೆಚ್ಚು ಬರೆದು ಓದುವವರಿಲ್ಲದೆ ನಿಂತಾಗ, ನಮ್ಮ ಪ್ರೋಗ್ರಾಂ ಅದು ಮುಗಿಯಲೆಂದು ಕಾಯುತ್ತಿದ್ದರೆ, ಇಬ್ಬರೂ ಒಬ್ಬರಿಗಾಗಿ ಒಬ್ಬರು ಶಾಶ್ವತವಾಗಿ ಕಾಯುತ್ತಾರೆ. ಹ್ಯಾಂಡಲುಗಳನ್ನು ಕೈಯಲ್ಲೇ ನಿಭಾಯಿಸುವವರು ಬರೆಯುವ ಕೋಡ್ ಸಣ್ಣ ಫೈಲುಗಳ ಪರೀಕ್ಷೆಯಲ್ಲಿ ಗೆದ್ದು ದೊಡ್ಡ ಫೈಲಿನೆದುರು ಹೆಪ್ಪುಗಟ್ಟುವುದಕ್ಕೆ ಬಹುತೇಕ ಇದೇ ಕಾರಣ. ಟೈಪ್ಡ್-ಪ್ರೊಸೆಸ್ ಎರಡೂ ಸ್ಟ್ರೀಮುಗಳನ್ನು ಬೇರೆ ಬೇರೆ ಥ್ರೆಡ್‌ಗಳಲ್ಲಿ ಏಕಕಾಲಕ್ಕೆ ಬರಿದುಮಾಡುತ್ತಿರುತ್ತದೆ, ಹಾಗಾಗಿ ಈ ಕಗ್ಗಂಟು ಬೀಳುವುದಿಲ್ಲ. ಎಲ್ಲ ಔಟ್‌ಪುಟ್ ಮೆಮೊರಿಯಲ್ಲಿ ಬಂದು ಕೂರುತ್ತದೆ ಎಂಬುದೇ ಇದಕ್ಕೆ ತೆರುವ ಬೆಲೆ.

ಕನ್ನಡ ಪಠ್ಯದೊಡನೆ ಕೆಲಸ ಮಾಡುವವರು ಹಳೆಯ ಲೈಬ್ರರಿಯನ್ನು ಬಿಡಲು ಇನ್ನೂ ಬಲವಾದ ಕಾರಣವೊಂದಿದೆ, ಇಂಗ್ಲಿಷ್ ಮಾತ್ರ ಸಂಸ್ಕರಿಸುವವರಿಗೆ ಅದು ಕಾಣಿಸುವುದೇ ಇಲ್ಲ. ಹಳೆಯ ರೀಡ್‌ಪ್ರೊಸೆಸ್ ಔಟ್‌ಪುಟ್ಟನ್ನು ಸ್ಟ್ರಿಂಗ್ ಆಗಿ, ಅಂದರೆ ಅಕ್ಷರಗಳ ಕೊಂಡಿಪಟ್ಟಿಯಾಗಿ ಕೊಡುತ್ತದೆ, ಮತ್ತು ಬೈಟ್‌ಗಳನ್ನು ಅಕ್ಷರಗಳಾಗಿಸಲು ಆ ಹೊತ್ತಿನ ಲೊಕೇಲ್‌ನ, ಅಂದರೆ ಭಾಷೆ-ಲಿಪಿಗಳ ಕುರಿತ ಪರಿಸರದ ಸೆಟ್ಟಿಂಗ್‌ನ, ಎನ್‌ಕೋಡಿಂಗನ್ನು ನಂಬುತ್ತದೆ. ನಮ್ಮ ಟರ್ಮಿನಲ್‌ನಲ್ಲಿ ಲೊಕೇಲ್ ಯುಟಿಎಫ್-8 ಆಗಿರುವುದರಿಂದ ಎಲ್ಲವೂ ಸರಿಯಾಗಿ ಓಡುತ್ತದೆ. ಅದೇ ಪ್ರೋಗ್ರಾಂ, ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಮೂಲಕವೋ ಲೊಕೇಲ್ ಹೊಂದಿಸದ ಕಂಟೇನರ್ ಒಳಗೋ ಓಡಿದಾಗ ಲೊಕೇಲ್ ಕನ್ನಡ ಅರಿಯದ ‘ಸಿ’ ಆಗಿರುವುದು ಸಾಮಾನ್ಯ, ಆಗ ಮೊದಲ ಕನ್ನಡ ಅಕ್ಷರಕ್ಕೇ ಪ್ರೋಗ್ರಾಂ ಬೀಳುತ್ತದೆ. ಹೊಸ ಜಿಎಚ್‌ಸಿಯ ದೋಷಸಂದೇಶದಲ್ಲಿ 224ರಿಂದ ಆರಂಭವಾಗುವ ಬೈಟ್ ಸರಣಿಯನ್ನು ಬಿಡಿಸಲಾಗಲಿಲ್ಲ ಎಂದಿರುತ್ತದೆ. ಯುಟಿಎಫ್-8ರಲ್ಲಿ ಕನ್ನಡ ಬ್ಲಾಕ್‌ನ ಪ್ರತಿಯೊಂದು ಸಂಕೇತವೂ ಮೂರು ಬೈಟ್‌ಗಳದ್ದು, ಮೊದಲ ಬೈಟ್ ಯಾವಾಗಲೂ 224. ಮೆಮೊರಿಯ ವಿಷಯವೂ ಹೀಗೆಯೇ. 64 ಬಿಟ್ ಯಂತ್ರದಲ್ಲಿ ಸ್ಟ್ರಿಂಗ್‌ನ ಒಂದೊಂದು ಕೊಂಡಿಗೆ 24 ಬೈಟ್ ಬೇಕು. ಲ್ಯಾಟಿನ್ ಅಕ್ಷರಗಳ ಪೆಟ್ಟಿಗೆಗಳನ್ನು ಜಿಎಚ್‌ಸಿ ಮೊದಲೇ ಮಾಡಿಟ್ಟುಕೊಂಡು ಎಲ್ಲ ಕಡೆ ಹಂಚಿ ಬಳಸುತ್ತದೆ, ಕನ್ನಡದ ಸಂಕೇತಕ್ಕೆ ಆ ಸೌಲಭ್ಯವಿಲ್ಲದೆ ಇನ್ನೂ 16 ಬೈಟ್ ಸೇರುತ್ತದೆ. ‘ಕನ್ನಡ’ ಎಂಬ ಪದ ಫೈಲಿನಲ್ಲಿ 15 ಬೈಟ್, ಸ್ಟ್ರಿಂಗ್ ಆಗಿ 200 ಬೈಟ್. ಟೈಪ್ಡ್-ಪ್ರೊಸೆಸ್ ಕೊಡುವುದು ಬೈಟ್‌ಸ್ಟ್ರಿಂಗ್, ಅಂದರೆ ಬಂದ ಬೈಟ್‌ಗಳನ್ನು ಬಂದ ಹಾಗೆಯೇ. ಅವನ್ನು ಯುಟಿಎಫ್-8 ಎಂದು ಓದುವ ನಿರ್ಧಾರವನ್ನು ಪ್ರೋಗ್ರಾಂ ತಾನೇ ಬರೆದು ತೋರಿಸುತ್ತದೆ, ಪರಿಸರದ ವೇರಿಯಬಲ್ ತೀರ್ಮಾನಿಸುವುದಿಲ್ಲ. ಆದರೆ ಕಮಾಂಡಿಗೆ ಕೊಡುವ ಆರ್ಗ್ಯುಮೆಂಟುಗಳು ಇಲ್ಲಿಯೂ ಸ್ಟ್ರಿಂಗ್‌ಗಳೇ ಆಗಿ ಉಳಿದಿವೆ. ಸೋರ್ಸ್‌ನಲ್ಲಿಯೇ ಬರೆದ ಕನ್ನಡ ಫೈಲ್ ಹೆಸರೊಂದನ್ನು ‘ಸಿ’ ಲೊಕೇಲ್‌ನಲ್ಲಿ ಕಳುಹಿಸಲು ಹೋದರೆ ದೋಷ ಈ ಬಾರಿ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಈ ಅರೆಮನಸ್ಸಿನ ಸುಧಾರಣೆ ನನಗೆ ಅಷ್ಟಾಗಿ ಹಿಡಿಸಿಲ್ಲ.

ಈಗ ಪೈಪ್‌ಲೈನ್. ಪ್ರೋಗ್ರಾಂಗಳನ್ನು ತೋಟದ ಹೋಸ್ ಪೈಪುಗಳಂತೆ ಒಂದಕ್ಕೊಂದು ತಿರುಪಿ ಜೋಡಿಸುವಂತಿರಬೇಕೆಂದು ಡಗ್ಲಸ್ ಮ್ಯಾಕಿಲ್ರಾಯ್ 1964ರ ಟಿಪ್ಪಣಿಯಲ್ಲಿ ಬರೆದಿದ್ದರು. ಕೆನ್ ಥಾಂಪ್ಸನ್ 1973ರಲ್ಲಿ ಯುನಿಕ್ಸ್‌ಗೆ ಪೈಪ್ ಸೇರಿಸಿದಾಗ ಅದು ಒಂದೇ ಒಂದು ಗುರುತಿನ ಮಟ್ಟಕ್ಕೆ ಸರಳವಾಯಿತು. ಟೈಪ್ಡ್-ಪ್ರೊಸೆಸ್‌ನಲ್ಲಿ ಅಂಥ ಗುರುತಿಲ್ಲ, ಅಂಥ ಫಂಕ್ಷನ್ನೂ ಇಲ್ಲ. ಎರಡು ಕಮಾಂಡುಗಳನ್ನು ಜೋಡಿಸಬೇಕೆಂದರೆ ಮೊದಲನೆಯದರ ಔಟ್‌ಪುಟ್‌ಗೆ ಪೈಪ್ ಹೊಂದಿಸಿ ಅದನ್ನು ಆರಂಭಿಸಬೇಕು, ಅದರ ಹ್ಯಾಂಡಲನ್ನು ಕೇಳಿ ಪಡೆಯಬೇಕು, ಆ ಹ್ಯಾಂಡಲನ್ನು ಎರಡನೆಯದರ ಇನ್‌ಪುಟ್ ಆಗಿ ಕೊಟ್ಟು ಅದನ್ನೂ ಆರಂಭಿಸಬೇಕು, ಕೊನೆಗೆ ಎರಡರ ಎಕ್ಸಿಟ್ ಕೋಡ್‌ಗಳನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕು. ಎರಡು ಹಂತಗಳಿಗೆ ಇದು ಸಹ್ಯ. ಐದು ಹಂತಗಳ ಪೈಪ್‌ಲೈನ್ ಬಲಕ್ಕೆ ಬಲಕ್ಕೆ ಸರಿಯುತ್ತ ಹೋಗುವ ಐದು ಒಳಬ್ಲಾಕುಗಳಾಗಿ, ಓದುವವರಿಗೆ ಯಾವುದರ ಬಾಯಿ ಯಾವುದಕ್ಕೆ ಸೇರಿದೆಯೆಂದು ಬೆರಳಿಟ್ಟು ನೋಡಬೇಕಾಗುತ್ತದೆ.

ಹ್ಯಾಂಡಲನ್ನು ಕೊಡುವ ಬಗೆಯಲ್ಲಿಯೂ ಎರಡು ದಾರಿಗಳಿವೆ, ಮತ್ತು ತಪ್ಪು ದಾರಿ ಹಿಡಿದರೆ ಟೈಪ್‌ಗಳು ತಡೆಯುವುದಿಲ್ಲ. ಯೂಸ್‌ಹ್ಯಾಂಡಲ್‌ಕ್ಲೋಸ್ ಬಳಸಿದರೆ ಎರಡನೆಯ ಪ್ರೊಸೆಸ್ ಮುಗಿದಾಗ ಹ್ಯಾಂಡಲ್ ಮುಚ್ಚಲ್ಪಡುತ್ತದೆ. ಯೂಸ್‌ಹ್ಯಾಂಡಲ್‌ಓಪನ್ ಬಳಸಿದರೆ ಓದುವ ತುದಿ ನಮ್ಮ ಪ್ರೋಗ್ರಾಂನ ಕೈಯಲ್ಲಿ ತೆರೆದೇ ಇರುತ್ತದೆ. ಕೊನೆಯಿಲ್ಲದೆ ಒಂದೇ ಸಾಲನ್ನು ಬರೆಯುತ್ತಿರುವ ‘ಯೆಸ್’ ಕಮಾಂಡಿನ ಮುಂದೆ ಹತ್ತು ಸಾಲು ಓದಿ ನಿಲ್ಲುವ ‘ಹೆಡ್’ ಕಮಾಂಡನ್ನು ಇಟ್ಟು ನೋಡಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ: ಮೊದಲ ದಾರಿಯಲ್ಲಿ ‘ಹೆಡ್’ ಮುಗಿದ ಮೇಲೆ ‘ಯೆಸ್’ಗೆ ಓದುವವರಿಲ್ಲವೆಂದು ತಿಳಿಸುವ ಸಿಗ್‌ಪೈಪ್ ಸಿಗ್ನಲ್ ಸಿಕ್ಕು ಅದೂ ಸಾಯುತ್ತದೆ, ಎರಡನೆಯ ದಾರಿಯಲ್ಲಿ ಪೈಪ್ ತುಂಬಿ ‘ಯೆಸ್’ ನಿಂತಲ್ಲೇ ನಿಲ್ಲುತ್ತದೆ, ಅದು ಮುಗಿಯಲೆಂದು ನಾವು ಕಾಯುತ್ತ ಕೂರುತ್ತೇವೆ. ಜಿಎಚ್‌ಸಿ ತನ್ನ ಮಟ್ಟಿಗೆ ಸಿಗ್‌ಪೈಪನ್ನು ಕಡೆಗಣಿಸುವುದಾದರೂ, ಅದಕ್ಕಾಗಿ ‘ಅಲಕ್ಷಿಸು’ ಎಂಬ ಸೆಟ್ಟಿಂಗ್ ಬಳಸದೆ ಏನೂ ಮಾಡದ ಖಾಲಿ ಹ್ಯಾಂಡ್ಲರ್ ಇಟ್ಟಿದೆ. ಎಕ್ಸೆಕ್ ಆದಾಗ, ಅಂದರೆ ಹೊಸ ಪ್ರೋಗ್ರಾಂ ಓಡತೊಡಗಿದಾಗ, ಹ್ಯಾಂಡ್ಲರ್ ಕಳಚಿ, ಚೈಲ್ಡ್ ಪ್ರೊಸೆಸ್‌ಗೆ ಸಿಗ್ನಲ್‌ನ ಮೂಲ ನಡವಳಿಕೆಯೇ ಸಿಗುತ್ತದೆ. ಇಂಥ ಎಚ್ಚರಿಕೆ ಒಳಗಡೆ ಇರುವುದರಿಂದಲೇ ಪೈಪ್‌ಲೈನ್‌ಗಳು ಇಲ್ಲಿ ಕೆಲಸ ಮಾಡುತ್ತವೆ.

ಎಕ್ಸಿಟ್ ಕೋಡ್‌ಗಳ ವಿಷಯದಲ್ಲಿ ಮಾತ್ರ ಈ ಬಿಡಿ ಬಿಡಿ ಜೋಡಣೆ ಶೆಲ್‌ಗಿಂತ ಮೇಲು. ಶೆಲ್‌ನಲ್ಲಿ ಪೈಪ್‌ಲೈನ್‌ನ ಫಲಿತಾಂಶವೆಂದರೆ ಕೊನೆಯ ಕಮಾಂಡಿನ ಫಲಿತಾಂಶ. ನಡುವಿನವರ ಸೋಲು ತಿಳಿಯಲು ‘ಪೈಪ್‌ಫೇಲ್’ ಹೊಂದಿಸಬೇಕು, ಅದು ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಪಾಸಿಕ್ಸ್ ಪ್ರಮಾಣಕ್ಕೆ ಸೇರಿದ್ದೇ 2024ರ ಆವೃತ್ತಿಯಲ್ಲಿ. ಹೊಂದಿಸಿದ ಮೇಲೆ ಸಮಸ್ಯೆ ತಿರುಗುಮುರುಗಾಗುತ್ತದೆ: ‘ಹೆಡ್’ ಬೇಗ ನಿಂತದ್ದಕ್ಕೆ ಸತ್ತ ‘ಯೆಸ್’ ಕೂಡ ಸೋಲೆಂದು ಎಣಿಕೆಯಾಗಿ, ಬ್ಯಾಶ್ ಎಂಬ ಶೆಲ್ 141 ಎಂದು ವರದಿ ಮಾಡುತ್ತದೆ. ಟೈಪ್ಡ್-ಪ್ರೊಸೆಸ್‌ನಲ್ಲಿ ಒಂದೊಂದು ಪ್ರೊಸೆಸ್‌ಗೂ ಅದರದೇ ಕೋಡ್ ಇದೆ. ಸಿಗ್ನಲ್‌ನಿಂದ ಸತ್ತದ್ದು ಋಣಸಂಖ್ಯೆಯಾಗಿ, ಇಲ್ಲಿ -13 ಎಂದು ಬರುತ್ತದೆ. ಈ ಹಂತದಲ್ಲಿ -13 ಸೋಲಲ್ಲ, ಉಳಿದೆಲ್ಲ ಸೊನ್ನೆಯಲ್ಲದ ಕೋಡ್‌ಗಳೂ ಸೋಲು ಎಂದು ಎರಡು ಸಾಲಿನ ಪ್ಯಾಟರ್ನ್ ಮ್ಯಾಚ್‌ನಲ್ಲಿ ಬರೆಯಬಹುದು. ಶೆಲ್‌ನಲ್ಲಿ ಇಷ್ಟನ್ನು ಸ್ಪಷ್ಟವಾಗಿ ಹೇಳಲು ಪಡಬೇಕಾದ ಪಾಡು ಬರೆದವರಿಗೇ ಗೊತ್ತು.

ಹಾಗಾದರೆ ಪೈಪ್ ಗುರುತಿಲ್ಲದ ಕೊರತೆ ಎಷ್ಟು ದೊಡ್ಡದು? ಬಳಸುತ್ತ ಹೋದಂತೆ ನನ್ನ ಅಭಿಪ್ರಾಯ ಮೃದುವಾಗಿದೆ. ಶೆಲ್ ಪೈಪ್‌ಲೈನ್‌ಗಳಲ್ಲಿ ನಾವು ಪೋಣಿಸುವ ಹಂತಗಳಲ್ಲಿ ಬಹುಪಾಲು, ಶೆಲ್‌ಗೆ ತನ್ನದೇ ಪಠ್ಯಸಂಸ್ಕರಣೆಯ ಶಕ್ತಿ ಕಡಿಮೆಯಾದ್ದರಿಂದಲೇ ಹೊರಗಿನಿಂದ ಕರೆಸಿಕೊಂಡವು: ಸಾಲು ಸೋಸಲು ಒಂದು, ಕಾಲಂ ಕತ್ತರಿಸಲು ಒಂದು, ಎಣಿಸಲು ಒಂದು. ಹ್ಯಾಸ್ಕೆಲ್‌ನಲ್ಲಿ ಇವೆಲ್ಲ ಶುದ್ಧ ಫಂಕ್ಷನ್ನುಗಳು. ಗಿಟ್ ಅಥವಾ ಎಫ್‌ಎಫ್‌ಎಂಪೆಗ್‌ನಂಥ, ನಾವು ಮತ್ತೆ ಬರೆಯಲಾಗದ ಒಂದು ಪ್ರೋಗ್ರಾಂ ಮಾತ್ರ ಹೊರಗೆ ಉಳಿಯುತ್ತದೆ; ಅದನ್ನು ಓಡಿಸಿ, ಬೈಟ್‌ಗಳನ್ನು ತಂದುಕೊಂಡು, ಉಳಿದದ್ದನ್ನು ಫಂಕ್ಷನ್ ಸಂಯೋಜನೆಯಿಂದ ಮುಗಿಸಿದರೆ, ಪೈಪ್‌ಲೈನ್‌ನ ಉದ್ದವೇ ಒಂದಕ್ಕೋ ಎರಡಕ್ಕೋ ಇಳಿಯುತ್ತದೆ.

ಕನ್ನಡ ಪಠ್ಯದಲ್ಲಿ ಯಾವ ಪದ ಎಷ್ಟು ಸಲ ಬಂದಿದೆಯೆಂದು ಎಣಿಸುವ ಕೆಲಸ ಇದಕ್ಕೆ ಒಳ್ಳೆಯ ಉದಾಹರಣೆ. ಇಂಗ್ಲಿಷಿಗೆ ಎಲ್ಲರೂ ಬರೆಯುವ ಪೈಪ್‌ಲೈನ್‌ನಲ್ಲಿ ಮೊದಲ ಹಂತ ‘ಟಿಆರ್’ ಕಮಾಂಡ್, ಅಕ್ಷರವಲ್ಲದ್ದನ್ನೆಲ್ಲ ಹೊಸಸಾಲಾಗಿಸುವುದು ಅದರ ಕೆಲಸ. ಗ್ನೂ ಯೋಜನೆಯ ‘ಟಿಆರ್’ ಬೈಟ್ ಬೈಟಾಗಿ ನೋಡುತ್ತದೆಯೇ ಹೊರತು ಅಕ್ಷರವಾಗಿ ನೋಡುವುದಿಲ್ಲವಾದ್ದರಿಂದ ಕನ್ನಡದ ಬೈಟ್‌ಗಳೆಲ್ಲ ಅಳಿಸಿಹೋಗಿ ಖಾಲಿ ಸಾಲು ಉಳಿಯುತ್ತದೆ. ಈ ಹಂತವನ್ನು ಹ್ಯಾಸ್ಕೆಲ್‌ನೊಳಗೆ ತಂದುಕೊಂಡರೆ ಸಾಕೆಂದೂ ಅಲ್ಲ: ‘ಈಸ್‌ಆಲ್ಫಾ’ ಎಂಬ ಸಿದ್ಧ ಪರೀಕ್ಷೆ ಸ್ವರಚಿಹ್ನೆಗಳನ್ನೂ ಅರ್ಧಾಕ್ಷರ ಮಾಡುವ ಹಲಂತ ಚಿಹ್ನೆಯನ್ನೂ ಅಕ್ಷರವೆಂದು ಒಪ್ಪುವುದಿಲ್ಲ, ಅದರ ಕೈಗೆ ಸಿಕ್ಕರೆ ‘ಕನ್ನಡ’ ಎಂಬ ಪದ ‘ಕನ’ ಮತ್ತು ‘ನಡ’ ಎಂದು ಎರಡಾಗುತ್ತದೆ. ‘ಈಸ್‌ಮಾರ್ಕ್’ ಪರೀಕ್ಷೆಯನ್ನೂ, ಅರ್ಧಾಕ್ಷರಗಳ ಬಳಿ ಬರುವ ಅಗೋಚರ ಝಡ್‌ಡಬ್ಲ್ಯೂಎನ್‌ಜೆ ಸಂಕೇತವನ್ನೂ ಸೇರಿಸಿಕೊಂಡರೆ ಮಾತ್ರ ಪದಗಳು ಇಡಿಯಾಗಿ ಉಳಿಯುತ್ತವೆ. ಆದರೆ ಈ ಮೂರನ್ನೂ ಒಂದು ಹೆಸರಿರುವ, ಪರೀಕ್ಷಿಸಬಹುದಾದ ಫಂಕ್ಷನ್ ಆಗಿ ಬರೆಯಲು ಇಲ್ಲಿ ಜಾಗವಿದೆ. ಮೆಮೊರಿಗೆ ಹಿಡಿಸದಷ್ಟು ದೊಡ್ಡ ಸಂಗ್ರಹವಾದರೆ ವಿಂಗಡಣೆಯನ್ನು ಗ್ನೂ ‘ಸಾರ್ಟ್’ ಕಮಾಂಡಿಗೇ ಬಿಡುವುದು ಜಾಣತನ. ಅದು ತಾತ್ಕಾಲಿಕ ಫೈಲುಗಳ ನೆರವಿನಿಂದ ವಿಂಗಡಿಸಬಲ್ಲದು. ಆಗ ಮತ್ತೆ ಹ್ಯಾಂಡಲುಗಳ ಜೋಡಣೆಗೆ ಮರಳಬೇಕಾಗುತ್ತದೆ, ಮತ್ತು ಲೈಬ್ರರಿ ಅಲ್ಲಿ ಒರಟಾಗಿಯೇ ಇದೆ.

ಪರ್ಯಾಯಗಳಿಲ್ಲವೆಂದಲ್ಲ. ಗ್ರೆಗ್ ವೆಬರ್ ಅವರ ಶೆಲ್ಲಿಯಲ್ಲಿ ಪೈಪ್‌ಗೆ ಆಪರೇಟರ್ ಇದೆ, ಆದರೆ ಅದು ನಿಜವಾದ ಪೈಪ್ ಅಲ್ಲ. ಮೊದಲ ಕಮಾಂಡಿನ ಔಟ್‌ಪುಟ್ಟನ್ನೆಲ್ಲ ಮೆಮೊರಿಗೆ ತಂದುಕೊಂಡ ಮೇಲೆ ಎರಡನೆಯದಕ್ಕೆ ಉಣಿಸುತ್ತದೆ. ಗೇಬ್ರಿಯೆಲಾ ಗೊನ್ಸಾಲೆಸ್ ಅವರ ಟರ್ಟಲ್ ಸಾಲುಗಳ ಸ್ಟ್ರೀಮ್ ಕಟ್ಟಿಕೊಟ್ಟು ಪೈಪ್‌ಲೈನ್‌ಗಳನ್ನು ಸೊಗಸಾಗಿ ಬರೆಯಲು ಬಿಡುತ್ತದೆ, ಕಲಿಯುವವರಿಗೆ ಅದರ ದಾಖಲೆಯಷ್ಟು ಒಳ್ಳೆಯದು ಕಡಿಮೆ. ಸಾಲು ಸಾಲಾದ ಪಠ್ಯವಲ್ಲದ ಚಿತ್ರ, ಧ್ವನಿ, ಸಂಕುಚಿತ ಫೈಲುಗಳಿಗೆ ಆ ಮಾದರಿ ಒಗ್ಗುವುದಿಲ್ಲ. ಶ್ಹ್ ಎಂಬ ಲೈಬ್ರರಿ ಕಂಪೈಲ್ ಹೊತ್ತಿನಲ್ಲೇ ನಮ್ಮ ಯಂತ್ರದ ಕಮಾಂಡುಗಳನ್ನು ಹುಡುಕಿ ಅವನ್ನೆಲ್ಲ ಫಂಕ್ಷನ್ನುಗಳಾಗಿಸಿ, ನಿಜವಾದ ಪೈಪ್ ಆಪರೇಟರನ್ನೂ ಕೊಡುತ್ತದೆ. ಉದ್ದದ ಪೈಪ್‌ಲೈನ್‌ಗಳೇ ಮುಖ್ಯವಾದವರು ಮೊದಲು ನೋಡಬೇಕಾದದ್ದು ಅದನ್ನೇ.

ಟೈಪ್ಡ್-ಪ್ರೊಸೆಸ್‌ನ ಮೇಲೆ ನನ್ನ ಗಂಭೀರ ಆಕ್ಷೇಪ ಪೈಪ್‌ಲೈನ್ ಕುರಿತದ್ದಲ್ಲ, ಒಂದು ಸಣ್ಣ ಅನುಕೂಲದ ಕುರಿತದ್ದು. ಓವರ್‌ಲೋಡೆಡ್ ಸ್ಟ್ರಿಂಗ್ಸ್ ಸೌಲಭ್ಯವನ್ನು ಚಾಲೂ ಮಾಡಿದರೆ ಉದ್ಧರಣ ಚಿಹ್ನೆಯೊಳಗಿನ ಪಠ್ಯವನ್ನೇ ಪ್ರೊಸೆಸ್ ಕಾನ್ಫಿಗ್ ಆಗಿ ಬಳಸಬಹುದು. ಆ ಪಠ್ಯದಲ್ಲಿ ಖಾಲಿ ಜಾಗವಿಲ್ಲದಿದ್ದರೆ ಪ್ರೋಗ್ರಾಂ ನೇರವಾಗಿ ಓಡುತ್ತದೆ. ಒಂದೇ ಒಂದು ಖಾಲಿ ಜಾಗವಿದ್ದರೂ ಇಡೀ ಪಠ್ಯ ಶೆಲ್‌ಗೆ ಹೋಗುತ್ತದೆ. ಆರ್ಗ್ಯುಮೆಂಟುಗಳನ್ನು ಪಟ್ಟಿಯಾಗಿ ಕೊಡುವ ‘ಪ್ರಾಕ್’ ಫಂಕ್ಷನ್ ಬಳಸಿದಾಗ ನಡುವೆ ಶೆಲ್ ಇರುವುದಿಲ್ಲವಾದ್ದರಿಂದ ಫೈಲಿನ ಹೆಸರಿನಲ್ಲಿ ಖಾಲಿ ಜಾಗವಿರಲಿ, ಡಾಲರ್ ಗುರುತಿರಲಿ, ಅರ್ಧವಿರಾಮವಿರಲಿ, ಅದು ಹೆಸರಾಗಿಯೇ ತಲುಪುತ್ತದೆ. ಶೆಲ್ ಬಿಟ್ಟು ಇಲ್ಲಿಗೆ ಬಂದ ಮುಖ್ಯ ಕಾರಣಗಳಲ್ಲಿ ಅದೊಂದು. ಆ ಕಾರಣವನ್ನೇ ಕಣ್ಣಿಗೆ ಬೀಳದ ಒಂದು ಖಾಲಿ ಜಾಗ ರದ್ದುಮಾಡುವುದು, ಅದೂ ಹೆಸರಿನಲ್ಲೇ ‘ಟೈಪ್ಡ್’ ಎಂದಿರುವ ಲೈಬ್ರರಿಯಲ್ಲಿ, ಒಪ್ಪತಕ್ಕದ್ದಲ್ಲ. ಎರಡು ಪಠ್ಯಗಳನ್ನು ಕೂಡಿಸಿ ಹೀಗೆ ಪರಿವರ್ತಿಸಿದವರ ಪ್ರೋಗ್ರಾಂಗೆ ಹೊರಗಿನವರ ಕಮಾಂಡನ್ನು ನುಗ್ಗಿಸಲು ಬಾಗಿಲು ತೆರೆದಂತಾಗುತ್ತದೆ. ತಂಡದಲ್ಲಿ ಬಳಸುವುದಾದರೆ ‘ಪ್ರಾಕ್’ ಮತ್ತು ‘ಶೆಲ್’ ಎಂಬ ಎರಡು ಫಂಕ್ಷನ್ನುಗಳನ್ನು ಮಾತ್ರ ಬಳಸುವ ನಿಯಮ ಮಾಡಿಕೊಳ್ಳುವುದು ಒಳ್ಳೆಯದು.

ಸಣ್ಣ ಸಂಗತಿಗಳು ಕೆಲವು. ಪ್ರೋಗ್ರಾಂ ಕಂಪೈಲ್ ಮಾಡುವಾಗ ಥ್ರೆಡೆಡ್ ರನ್‌ಟೈಮ್ ಆಯ್ಕೆ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಪ್ರೊಸೆಸ್ ಮುಗಿಯಿತೇ ಎಂದು ಲೈಬ್ರರಿ ಆಗಾಗ ಇಣುಕಿ ನೋಡುತ್ತ ಕಾಲ ಕಳೆಯುತ್ತದೆ. ದಾಖಲೆ ಸಾಕಷ್ಟು ಚೆನ್ನಾಗಿದೆ, ಉದಾಹರಣೆಗಳು ಓಡುತ್ತವೆ. ಹಿಂದೆ ವಿತ್‌ಪ್ರೊಸೆಸ್ ಎಂಬ ಒಂದೇ ಫಂಕ್ಷನ್ ಇದ್ದು, ಅದರ ಬ್ಲಾಕ್ ಮುಗಿದೊಡನೆ ಇನ್ನೂ ಓಡುತ್ತಿರುವ ಚೈಲ್ಡ್ ಪ್ರೊಸೆಸ್ಸನ್ನು ಕೊಂದುಬಿಡುತ್ತಿತ್ತು. ಈಗ ಕಾಯುವುದಕ್ಕೆ ವಿತ್‌ಪ್ರೊಸೆಸ್‌ವೇಟ್, ಕೊಲ್ಲುವುದಕ್ಕೆ ವಿತ್‌ಪ್ರೊಸೆಸ್‌ಟರ್ಮ್ ಎಂದು ಬೇರೆ ಬೇರೆ ಹೆಸರುಗಳಿವೆ. ಹಳೆಯ ಉದಾಹರಣೆಗಳನ್ನು ನಕಲು ಮಾಡುವವರು ಇದನ್ನು ಗಮನಿಸಬೇಕು.

ಕೊಲ್ಲುವಾಗಲೂ ಒಂದು ತೊಡಕಿದೆ. ಟರ್ಮ್ ಸಿಗ್ನಲ್ ಹೋಗುವುದು ನಾವು ಹುಟ್ಟಿಸಿದ ಪ್ರೊಸೆಸ್‌ಗೆ ಮಾತ್ರ. ಮೂರು ಹಂತಗಳ ಪೈಪ್‌ಲೈನನ್ನು ಒಂದೇ ಪಠ್ಯವಾಗಿ ಶೆಲ್‌ಗೆ ಒಪ್ಪಿಸಿದ್ದರೆ, ಸಾಯುವುದು ಆ ಶೆಲ್. ಅದು ಹುಟ್ಟಿಸಿದ ಮೂವರೂ ಹಿನ್ನೆಲೆಯಲ್ಲಿ ಓಡುತ್ತಲೇ ಇರಬಹುದು. ಇದಕ್ಕೆ ಸೆಟ್‌ಕ್ರಿಯೇಟ್‌ಗ್ರೂಪ್ ಮೂಲಕ ಪ್ರತ್ಯೇಕ ಪ್ರೊಸೆಸ್ ಗುಂಪು ಮಾಡಿ, ಕೊನೆಗೆ ಆ ಗುಂಪಿಗೇ ಇಂಟರಪ್ಟ್ ಕಳುಹಿಸಬೇಕು. ಗುಂಪಿಗೆ ಸಿಗ್ನಲ್ ಕಳುಹಿಸುವ ಫಂಕ್ಷನ್ ಈ ಲೈಬ್ರರಿಯಲ್ಲಿಲ್ಲ. ಹೆಸರಿನಲ್ಲಿಯೇ ‘ಅನ್‌ಸೇಫ್’ ಎಂದಿರುವ ಒಂದು ಫಂಕ್ಷನ್ನಿನಿಂದ ಒಳಗಿನ ಹ್ಯಾಂಡಲನ್ನು ಹೊರತೆಗೆದು, ಅದನ್ನು ಹಳೆಯ ಪ್ರೊಸೆಸ್ ಲೈಬ್ರರಿಯ ಕೈಗೆ ಕೊಟ್ಟು ಕೆಲಸ ಮುಗಿಸಬೇಕು.